ಒಂದು ಕೋಣೆ, ಆರು ಒಲೆ: 1921ರ ಮುಂಬಯಿಯ ಹಸುಗೂಸುಗಳ ಲೆಕ್ಕ

ಕೋಣೆ 15 ಅಡಿ ಉದ್ದ, 12 ಅಡಿ ಅಗಲ. ಮುಂಬಯಿಯ ಒಂದು ಚಾಳಿನ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡದ, ಎರಡನೇ ಮಹಡಿ. ಒಳಗೆ ಆರು ಸಂಸಾರ. ನೆಲದ ಮೇಲೆ ಆರು ಒಲೆ. ದೊಡ್ಡವರು, ಮಕ್ಕಳು ಎಲ್ಲಾ ಸೇರಿ 30 ಜನ. ಮೇಲಿನಿಂದ ಬಿದಿರಿನ ಗಳ ಇಳಿಬಿಟ್ಟಿದ್ದಾರೆ. ರಾತ್ರಿ ಅದರ ಮೇಲೆ ಬಟ್ಟೆ, ಗೋಣಿತಾಟು ಹಾಕಿದರೆ ಅದೇ ಗೋಡೆ.

1922ರಲ್ಲಿ ಈ ಕೋಣೆಗೆ ಬಂದವರು ಡಾ. ಬಾರ್ನ್ಸ್ ಎಂಬ ಲೇಡಿ ಡಾಕ್ಟರು. ಬಟ್ಟೆ ಗಿರಣಿಯಲ್ಲಿ ದುಡಿಯುವ ಹೆಂಗಸರ ಬಸಿರು, ಬಾಣಂತನ ಹೇಗೆ ನಡೆಯುತ್ತದೆ ಎಂದು ನೋಡಿ ವರದಿ ಕೊಡಲು ಮುಂಬಯಿ ಸರ್ಕಾರವೇ ಅವರನ್ನು ನೇಮಿಸಿತ್ತು. ಕೋಣೆಯ ಆರು ಹೆಂಗಸರಲ್ಲಿ ಮೂವರಿಗೆ ದಿನ ತುಂಬುತ್ತಾ ಬಂದಿತ್ತು. ಹೆರಿಗೆ ಎಲ್ಲಿ ಎಂದು ಕೇಳಿದರೆ ಮೂವರೂ ಇಲ್ಲೇ, ಮುಂಬಯಿಯಲ್ಲೇ ಅಂದರು. ಇಷ್ಟು ಜನರ ನಡುವೆ ಮರೆ ಮಾಡುವುದು ಹೇಗೆ ಎಂದು ಬಾರ್ನ್ಸ್ ಜೊತೆಗಿದ್ದ ನರ್ಸನ್ನು ಕೇಳಿದರು. ನರ್ಸ್ ಒಂದಿಷ್ಟು ಜಾಗ ತೋರಿಸಿದರು. 3 ಅಡಿಗೆ 4 ಅಡಿ. ಹೆರಿಗೆ ಬಂತು ಅಂದರೆ ಅಷ್ಟಕ್ಕೆ ಪರದೆ ಕಟ್ಟುತ್ತಿದ್ದರಂತೆ.

ಒಂದು ಮಂಚಕ್ಕೂ ಸಾಲದ ಜಾಗ. ಮಗು ಹುಟ್ಟಬೇಕಾದದ್ದು ಅಲ್ಲಿ. ಆಮೇಲೆ ಅದು ಉಸಿರಾಡಬೇಕಾದದ್ದು ಆರು ಒಲೆಗಳ ಹೊಗೆಯಲ್ಲಿ.

ಈ ಕೋಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅಂಕಿಗೆ ಹೋಗೋಣ. ಮಗು ಹುಟ್ಟಿ ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡರೆ ಅದು ಶಿಶು ಮರಣ. ಒಂದು ವರ್ಷದಲ್ಲಿ ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಿಗೆ ಇಂಥ ಸಾವು ಎಷ್ಟು ಎಂಬುದೇ ಶಿಶು ಮರಣ ದರ. 1921ರಲ್ಲಿ ಮುಂಬಯಿ ನಗರದ ಜನನ ಮರಣಗಳ ಪುಸ್ತಕದಲ್ಲಿ ಈ ದರ ಸಾವಿರಕ್ಕೆ 666. ಅಂದರೆ ಮೂರು ಕೂಸಿನಲ್ಲಿ ಎರಡು ಮೊದಲ ಹುಟ್ಟುಹಬ್ಬ ನೋಡಲಿಲ್ಲ. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಅಂಕಿ 83.

ಮುಂಬಯಿ ಆಗ ನಮಗೂ ದೂರದ ಊರೇನಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರಿಗೆ ಅದೇ ರಾಜಧಾನಿ. ಕೂಸು ಉಳಿಯದಿದ್ದ ಕಥೆ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಹಿಂದಿನ ಎರಡು ಮೂರು ಹೋದ ಮೇಲೆ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಹೊರಳಾಡಿಸಿ ತಿಪ್ಪಣ್ಣ, ತಿಪ್ಪವ್ವ ಅಂತ ಹೆಸರಿಡುತ್ತಿದ್ದರಲ್ಲ, ಕಸ ಅಂದುಕೊಂಡು ಸಾವು ಮುಟ್ಟದೆ ಹೋಗಲಿ ಅಂತ. ಆದರೂ ಮೂರಕ್ಕೆ ಎರಡು ಅಂದರೆ ಯಾರಿಗಾದರೂ ಅನುಮಾನ ಬರಲೇಬೇಕು. ಅನುಮಾನ ಸರಿಯಾಗಿಯೇ ಇದೆ.

ತವರಿಗೆ ಹೋದ ಬಾಣಂತಿ

ಲೆಕ್ಕ ಎಲ್ಲಿ ತಪ್ಪಿತು ಅನ್ನುವುದನ್ನು ಕನ್ನಡದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆ ಅಂದರೆ ತವರು. ಚೊಚ್ಚಲಂತೂ ತವರಲ್ಲೇ ಆಗಬೇಕು.

1921ರ ಜನಗಣತಿಯಲ್ಲಿ ಮುಂಬಯಿಯ ಜನ 11 ಲಕ್ಷ 75 ಸಾವಿರ. ಅವರಲ್ಲಿ ಅದೇ ಊರಲ್ಲಿ ಹುಟ್ಟಿದವರು ನೂರಕ್ಕೆ 16 ಮಾತ್ರ. ಮಿಕ್ಕವರೆಲ್ಲ ಹೊರಗಿನಿಂದ ಬಂದವರು, ಅದರಲ್ಲೂ ರತ್ನಾಗಿರಿ ಕಡೆಯವರು ಬಹಳ. 1,000 ಗಂಡಸರಿಗೆ ಸುಮಾರು 525 ಹೆಂಗಸರು. ಸಂಸಾರ ಊರಲ್ಲಿ, ದುಡಿಮೆ ಮುಂಬಯಿಯಲ್ಲಿ. ಇಲ್ಲೇ ಇದ್ದ ಹೆಂಗಸರಲ್ಲೂ ಎಷ್ಟೋ ಜನ ಹೆರಿಗೆಗೆ ಊರಿಗೆ ಹೋಗುತ್ತಿದ್ದರು. ಜನನ ದಾಖಲಾಗುವುದು ರತ್ನಾಗಿರಿಯ ಹಳ್ಳಿಯಲ್ಲಿ, ದಾಖಲಾದರೆ. ಮೂರು ತಿಂಗಳಿಗೋ ಐದು ತಿಂಗಳಿಗೋ ತಾಯಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ವಾಪಸ್ ಚಾಳಿಗೆ ಬರುತ್ತಾಳೆ. ಕೂಸು ಅಲ್ಲಿ ತೀರಿಕೊಂಡರೆ ಸಾವು ಮುಂಬಯಿಯ ಪುಸ್ತಕಕ್ಕೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನಗರದಲ್ಲಿ 100 ಮಕ್ಕಳು ಹುಟ್ಟಿದವು. ಹೊರಗೆ ಹುಟ್ಟಿದ 50 ಮಕ್ಕಳು ಬಂದು ಸೇರಿದವು. ಒಟ್ಟು 150ರಲ್ಲಿ 30 ಸತ್ತವು. ನಿಜವಾದ ದರ ಸಾವಿರಕ್ಕೆ 200. ಪುಸ್ತಕದಲ್ಲಿ ಹುಟ್ಟಿದ್ದು 100, ಸತ್ತದ್ದು 30. ದರ 300 ಆಗಿಬಿಟ್ಟಿತು. ಇದರ ಮೇಲೆ, ನಗರದೊಳಗೆ ಹುಟ್ಟಿಯೂ ಬರೆಸದೆ ಬಿಟ್ಟ ಮಕ್ಕಳು ಬೇರೆ. ಜನನ ಬರೆಸದಿದ್ದರೆ ಕೇಳುವವರಿಲ್ಲ. ಸಾವು ಹಾಗಲ್ಲ, ಸ್ಮಶಾನದ ಬಾಗಿಲಲ್ಲಿ ಲೆಕ್ಕ ಆಗೇ ಆಗುತ್ತದೆ.

ಹಾಗಾಗಿ 666 ಉಬ್ಬಿದ ಅಂಕಿ. ಎಷ್ಟು ಉಬ್ಬಿತ್ತು ಎಂದು ವಾದ ಮಾಡುತ್ತಾ ಕೂತವರು ಆಗಲೂ ಇದ್ದರು. ಅಂಕಿ ಸುಳ್ಳು, ಆದ್ದರಿಂದ ಸಮಸ್ಯೆಯೂ ಸುಳ್ಳು ಅನ್ನುವಷ್ಟು ದೂರ ಹೋಗುವುದು ಸುಲಭ. ನನಗೆ ಈ ವಾದ ರುಚಿಸುವುದಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಪಟ್ಟಿ ಇತ್ತು.

ಕೋಣೆ ಎಣಿಸಿದವರು

1921ರ ಸಾವುಗಳನ್ನು ಮನೆಯಲ್ಲಿ ಎಷ್ಟು ಕೋಣೆ ಎಂಬುದರ ಮೇಲೆ ಬೇರೆ ಮಾಡಿ ಬರೆದಿದ್ದರು. ಒಂದೇ ಕೋಣೆ ಅಥವಾ ಅದಕ್ಕೂ ಕಡಿಮೆ ಜಾಗದಲ್ಲಿದ್ದವರ ಮಕ್ಕಳಲ್ಲಿ ಸಾವಿರಕ್ಕೆ 828. ಎರಡು ಕೋಣೆ ಇದ್ದವರಲ್ಲಿ 322. ಮೂರು ಕೋಣೆಗೆ 191. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕೋಣೆ ಇದ್ದರೆ 133. ಊರಿನ ಮೂರರಲ್ಲಿ ಎರಡು ಪಾಲು ಜನ ಇದ್ದದ್ದು ಒಂದೇ ಕೋಣೆಯ ಮನೆಗಳಲ್ಲಿ.

828ನ್ನೂ ಅಕ್ಷರಶಃ ನಂಬಬೇಕಾಗಿಲ್ಲ. ಹೆರಿಗೆಗೆ ಊರಿಗೆ ಹೋಗಿ ಬರುವವರು ಒಂದು ಕೋಣೆಯವರೇ ಜಾಸ್ತಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಆಸ್ಪತ್ರೆಯ ಲೆಕ್ಕಕ್ಕೆ ಹೋಗಿ, ಚಾಳಿನಲ್ಲಿ ಸತ್ತದ್ದು ಚಾಳಿನ ಲೆಕ್ಕಕ್ಕೆ ಬಿದ್ದರೆ ಅಲ್ಲೂ ದರ ಏರುತ್ತದೆ. ಎಷ್ಟು ಬೇಕೋ ಅಷ್ಟು ಕಳೆಯಿರಿ. ಅರ್ಧಕ್ಕೆ ಇಳಿಸಿದರೂ ಒಂದು ಕೋಣೆಯ ಕೂಸಿಗೂ ನಾಲ್ಕು ಕೋಣೆಯ ಕೂಸಿಗೂ ನಡುವೆ ಮೂರು ಪಟ್ಟು ಅಂತರ ಉಳಿಯುತ್ತದೆ. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋದಂತೆಲ್ಲ ದರ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಬರೀ ಗುಮಾಸ್ತನ ತಪ್ಪು ಇಷ್ಟು ಸಾಲಾಗಿ ಮೆಟ್ಟಿಲು ಕಟ್ಟುತ್ತದೆಯೇ?

ಕೋಣೆಯೇ ಕೊಂದಿತೇ ಅಂದರೆ, ಒಂದಷ್ಟು ಹೌದು. ಸಾವಿನ ಕಾರಣಗಳಲ್ಲಿ ದೊಡ್ಡವು ಎರಡು. ಒಂದು, ನಿಶ್ಶಕ್ತಿ ಮತ್ತು ದಿನ ತುಂಬದೆ ಹುಟ್ಟುವುದು. ಇನ್ನೊಂದು, ಎದೆಯ ಕಾಯಿಲೆ, ನ್ಯುಮೋನಿಯಾದಂಥವು. ಗಾಳಿ ಆಡದ ಕೋಣೆ, ಹೊಗೆ, ಪಕ್ಕದಲ್ಲೇ ಕೆಮ್ಮುವವರು. ಎರಡನೇ ಕಾರಣ ಅರ್ಥವಾಗುತ್ತದೆ. ಮೊದಲನೆಯದು ತಾಯಿಯ ಹೊಟ್ಟೆಯಿಂದಲೇ ಶುರುವಾದದ್ದು. ಕೋಣೆ ಇಲ್ಲಿ ಬಡತನವನ್ನು ಅಳೆಯುವ ಅಡಿಕೋಲೂ ಹೌದು. ಒಂದು ಕೋಣೆಯವಳು ಅಂದರೆ ಅರೆಹೊಟ್ಟೆ ಉಂಡವಳು, ನೋವು ಬರುವ ತನಕ ಗಿರಣಿಯಲ್ಲಿ ನಿಂತವಳು.

ಪುಸ್ತಕದಲ್ಲಿ ಇನ್ನೊಂದು ಕಾರಣ ಬರುತ್ತಿತ್ತು, ಸೆಳವು. ನಮ್ಮ ಕಡೆ ಬಾಲಗ್ರಹ ಅನ್ನುತ್ತಿದ್ದದ್ದು. ಹುಟ್ಟಿ ವಾರದೊಳಗೆ ಸೆಳವು ಬಂದು ಹೋದ ಕೂಸುಗಳಲ್ಲಿ ಬಹಳಷ್ಟು ಧನುರ್ವಾಯುವಿನವೇ ಇರಬೇಕು ಅನ್ನುವುದು ನನ್ನ ಊಹೆ. ಹೊಕ್ಕುಳ ಬಳ್ಳಿ ಕೊಯ್ಯಲು ಸೂಲಗಿತ್ತಿ ಕೈಗೆ ಸಿಕ್ಕ ಚಾಕು ಬಳಸುತ್ತಿದ್ದಳು, ಆಮೇಲೆ ಬೂದಿಯೋ ಸಗಣಿಯೋ ಹಚ್ಚುತ್ತಿದ್ದಳು. ಆ ಕಾಲದ ವರದಿಗಳಲ್ಲಿ ಸೂಲಗಿತ್ತಿಗೆ ಬಿದ್ದಷ್ಟು ಬೈಗುಳ ಇನ್ಯಾರಿಗೂ ಬಿದ್ದಿಲ್ಲ. ಅವಳ ತಪ್ಪು ಇರಲಿಲ್ಲ ಎಂದಲ್ಲ. ಆದರೆ ನಾಲ್ಕು ಕೋಣೆಯ ಮನೆಗಳಿಗೂ ಅಂಥವರೇ ಹೋಗುತ್ತಿದ್ದರು ಅಲ್ವಾ?

ಬಾಲಗೋಳಿ

ಸೂಲಗಿತ್ತಿಯ ನಂತರ ಬೈಸಿಕೊಂಡವಳು ತಾಯಿ. ಕಾರಣ ಅಫೀಮು.

ಗಿರಣಿ ಹೆಂಗಸರ ಮಕ್ಕಳಲ್ಲಿ ನೂರಕ್ಕೆ 98 ಮಕ್ಕಳಿಗೆ ಅಫೀಮು ಕೊಡುತ್ತಾರೆ ಎಂದು ಬಾರ್ನ್ಸ್ ಬರೆದರು. 98 ಅಂದರೆ 'ಹೆಚ್ಚುಕಡಿಮೆ ಎಲ್ಲರಿಗೂ' ಅಂತ ಓದಿಕೊಳ್ಳುವುದು ವಾಸಿ. ಅಂಗಡಿಯಲ್ಲಿ ಅದರ ಹೆಸರು ಬಾಲಗೋಳಿ. ಚಿಕ್ಕ ಗುಳಿಗೆ. ಹುಟ್ಟಿದ ಕೆಲವೇ ವಾರಕ್ಕೆ ಶುರು ಮಾಡಿ ಎರಡು ವರ್ಷದ ತನಕ ಕೊಡುತ್ತಿದ್ದರು. ಗುಳಿಗೆ ನುಂಗಿದ ಕೂಸು ಅಳುವುದಿಲ್ಲ, ಹಸಿವು ಅನ್ನುವುದಿಲ್ಲ, ಗಂಟೆಗಟ್ಟಲೆ ಮಲಗಿರುತ್ತದೆ. ಮಲಗಿದ ಕೂಸು ಹಾಲು ಕುಡಿಯುವುದಿಲ್ಲ. ದಿನದಿಂದ ದಿನಕ್ಕೆ ಸೊರಗುತ್ತದೆ. ಆಮೇಲೆ ಒಂದು ಕೆಮ್ಮು ಸಾಕು. ಪುಸ್ತಕದಲ್ಲಿ ಅಫೀಮಿನ ಹೆಸರು ಬರುವುದೇ ಇಲ್ಲ. ನಿಶ್ಶಕ್ತಿ ಅಂತ ಬರೆದು ಮುಗಿಸುತ್ತಾರೆ.

ತಾಯಂದಿರಿಗೆ ತಿಳಿವಳಿಕೆ ಸಾಲದು ಅಂತ ಷರಾ ಬರೆಯುವುದು ಸುಲಭ. ಅವಳ ದಿನವನ್ನು ಒಮ್ಮೆ ನೋಡಿ. ಕಾನೂನಿನ ಪ್ರಕಾರವೇ ದಿನಕ್ಕೆ 11 ಗಂಟೆ ತನಕ ದುಡಿಸಬಹುದಿತ್ತು. ಹೋಗಿ ಬರುವ ಹೊತ್ತು ಬೇರೆ. ಗಿರಣಿ ಕೆಲಸಗಾರರಲ್ಲಿ ಐದರಲ್ಲಿ ಒಬ್ಬರಷ್ಟು ಹೆಂಗಸರು, ಬಹುಪಾಲು ನೂಲು ಸುತ್ತುವ ಖಾತೆಗಳಲ್ಲಿ. ಕೂಲಿ ಗಂಡಸರದ್ದರ ಅರ್ಧದ ಆಸುಪಾಸು. ಶಿಶುಗೃಹ ಇದ್ದ ಗಿರಣಿ ಕೆಲವೇ. ಹಾಗಾಗಿ ಕೂಸು ಮನೆಯಲ್ಲಿ, ಅಜ್ಜಿಯ ಜೊತೆ, ಇಲ್ಲವೇ ಏಳೆಂಟು ವರ್ಷದ ಅಕ್ಕನ ಜೊತೆ. ಅದೂ 30 ಜನರ ಕೋಣೆಯಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದವರೂ ಮಲಗುವ ಕಡೆ. ಅಳುವ ಕೂಸನ್ನು ಎತ್ತಿಕೊಂಡು ಹೋಗಲು ಅಂಗಳವಿಲ್ಲ, ಜಗಲಿಯಿಲ್ಲ. ಬಾಲಗೋಳಿ ಅಲ್ಲಿ ಆಯಾ ಕೆಲಸ ಮಾಡುತ್ತಿತ್ತು.

ಇನ್ನೊಂದು ಮಾತು. ಅಫೀಮು ಕದ್ದುಮುಚ್ಚಿ ಬರುತ್ತಿದ್ದ ಮಾಲಲ್ಲ. ಬೆಳೆಸುವುದು, ಮಾರಲು ಪರವಾನಗಿ ಕೊಡುವುದು ಎಲ್ಲವೂ ಸರ್ಕಾರದ ಹಿಡಿತದಲ್ಲಿ. ಅಬಕಾರಿ ಆದಾಯ ಖಜಾನೆಗೆ. 1924ರಲ್ಲಿ ವೈಸರಾಯ್ ಹೆಂಡತಿ ಲೇಡಿ ರೀಡಿಂಗ್ ಮುಂದೆ ನಿಂತು ದೇಶದ ತುಂಬ ಶಿಶು ಸಪ್ತಾಹ ಮಾಡಿಸಿದರು. ತಾಯಂದಿರಿಗೆ ಬುದ್ಧಿ ಹೇಳುವ ಕಾರ್ಯಕ್ರಮ. ಪರವಾನಗಿ ಅಂಗಡಿಗಳ ಬಾಗಿಲು ಆ ವಾರವೂ ತೆರೆದೇ ಇತ್ತು.

ಎಂಟಾಣೆಯ ಕಾಯಿದೆ

ಬಾರ್ನ್ಸ್ ಸುಮ್ನೆ ನೇಮಕವಾದವರಲ್ಲ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ ನಡೆದು, ಹೆರಿಗೆಗೆ ಮುಂಚೆ ಮತ್ತು ಆಮೇಲೆ ದುಡಿಯುವ ಹೆಂಗಸಿಗೆ ರಜೆ, ಸಹಾಯಧನ ಸಿಗಬೇಕು ಎಂದು ಒಪ್ಪಂದವಾಯಿತು. ಭಾರತ ಒಪ್ಪಿಕೊಳ್ಳಲಿಲ್ಲ, ಮೊದಲು ಅಧ್ಯಯನ ಮಾಡುತ್ತೇವೆ ಅಂದಿತು. ಆ ಅಧ್ಯಯನದ ಒಂದು ಕೊಂಡಿಯೇ ಈ ಚಾಳಿನ ವರದಿ.

ಕಾರ್ಮಿಕ ನಾಯಕ ಎನ್. ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ತಂದರು. ಬಿದ್ದುಹೋಯಿತು. ಮುಂಬಯಿ ಶಾಸನ ಪರಿಷತ್ತಿನಲ್ಲಿ ಅದೇ ವಿಷಯ 1928ರಲ್ಲಿ ಮತ್ತೆ ಬಂತು. ಆಗ ಅದರ ಪರ ಮಾತಾಡಿದವರಲ್ಲಿ ಒಬ್ಬರು ಡಾ. ಬಿ. ಆರ್. ಅಂಬೇಡ್ಕರ್. ತಾಯಿಗೆ ಹೆರಿಗೆಯ ಹಿಂದುಮುಂದು ವಿಶ್ರಾಂತಿ ಸಿಗುವುದು ದೇಶಕ್ಕೇ ಬೇಕಾದ ವಿಷಯ, ಈ ಖರ್ಚಿನ ದೊಡ್ಡ ಪಾಲು ಸರ್ಕಾರವೇ ಹೊರಬೇಕು, ಹಾಗಂತ ಮಾಲೀಕ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ವಾದದ ತಿರುಳು. ಅವರಿದ್ದದ್ದು ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನಲ್ಲಿ, ಗಿರಣಿ ಕೆಲಸಗಾರರ ನಡುವೆ. ಅವರಿಗೂ ರಮಾಬಾಯಿಯವರಿಗೂ ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರಲ್ಲಿ, ಆ ಭಾಷಣಕ್ಕೆ ಎರಡು ವರ್ಷ ಮುಂಚೆ.

1929ರಲ್ಲಿ ಕಾಯಿದೆ ಆಯಿತು. ಮುಂಬಯಿ ನಗರದಲ್ಲಿ ದಿನಕ್ಕೆ 8 ಆಣೆ, 7 ವಾರ. ಭಾರತದಲ್ಲಿ ಇಂಥ ಮೊದಲ ಕಾಯಿದೆ ಇದು. ಆದರೆ ದುಡ್ಡು ಮಾಲೀಕನೇ ಕೊಡಬೇಕಿತ್ತು. ಆದದ್ದೇನು ಅಂತ ಊಹಿಸಬಹುದು. ಬಸುರಿ ಎಂದು ಗೊತ್ತಾದ ಕೂಡಲೇ ಕೆಲಸದಿಂದ ಬಿಡಿಸುವುದು, ಮದುವೆಯಾದ ಹುಡುಗಿಯರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವುದು ಶುರುವಾಯಿತು. ಕೆಲಸಕ್ಕೆ ಸೇರಿಸುವುದು, ತೆಗೆಯುವುದು ಖಾತೆಯ ನಾಯ್ಕಿಣಿಯ, ಅಂದರೆ ಹೆಂಗಸು ಮೇಸ್ತ್ರಿಯ, ಕೈಯಲ್ಲಿ. ಬಾಣಂತನ ಮುಗಿಸಿ ವಾಪಸ್ ಸೇರಬೇಕಾದರೆ ಅವಳ ಕೈ ಬೆಚ್ಚಗೆ ಮಾಡಬೇಕು. ಮುಂದಿನ ದಶಕಗಳಲ್ಲಿ ಗಿರಣಿಗಳಲ್ಲಿ ಹೆಂಗಸರ ಪಾಲು ಇಳಿಯುತ್ತಲೇ ಹೋಯಿತು. ಇಡೀ ದೇಶಕ್ಕೆ ಒಂದೇ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ.

ದರ ಇಳಿದದ್ದು

1920ರ ದಶಕದ ಕೊನೆಗೆ ಮುಂಬಯಿಯ ಶಿಶು ಮರಣ ದರ 300ರ ಆಸುಪಾಸಿಗೆ ಬಂತು. ಹತ್ತು ವರ್ಷದೊಳಗೆ ಅರ್ಧಕ್ಕಿಂತ ಕಡಿಮೆ. ಚಪ್ಪಾಳೆ ತಟ್ಟುವ ಮುಂಚೆ ಮತ್ತೆ ಪುಸ್ತಕ ನೋಡಬೇಕು. ಜನನ ಬರೆಸುವುದು ಹೆಚ್ಚಾದರೆ ಒಂದು ಕೂಸೂ ಹೆಚ್ಚಿಗೆ ಬದುಕದೆ ದರ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆ ಹೆಚ್ಚಿದರೂ ಅಷ್ಟೇ, ಅಲ್ಲಿ ಬರೆಯದೆ ಬಿಡುವುದಿಲ್ಲ.

ನಿಜವಾದ ಇಳಿಕೆಯೂ ಇತ್ತು. 1918ರ ಇನ್‌ಫ್ಲುಯೆಂಜಾ, ಯುದ್ಧದ ಕಾಲಕ್ಕೆ ಗಗನಕ್ಕೇರಿದ ದಿನಸಿ ಬೆಲೆ, ಅದರ ಬೆನ್ನಿಗೆ ಬಂದ ಗಿರಣಿ ಮುಷ್ಕರಗಳು, ಇವುಗಳ ಹೊಡೆತ ತಿಂದ ವರ್ಷಗಳ ಬಾಲದಲ್ಲಿ ಬಂದದ್ದು 1921. ಆಮೇಲೆ ಸ್ವಲ್ಪ ಉಸಿರು ಸಿಕ್ಕಿತು. 1926ರಲ್ಲಿ ಪರೇಲಿನಲ್ಲಿ ನವರೋಸ್‌ಜಿ ವಾಡಿಯಾ ಹೆರಿಗೆ ಆಸ್ಪತ್ರೆ ತೆರೆಯಿತು, 1929ರಲ್ಲಿ ಪಕ್ಕದಲ್ಲೇ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ. ಎರಡೂ ಗಿರಣಿ ಕೇರಿಯ ನಡುವೆಯೇ. ಪಾಲಿಕೆಯ ದಾದಿಯರು ಚಾಳುಗಳನ್ನು ಹತ್ತಿಳಿದರು. ಯಾವುದರಿಂದ ಎಷ್ಟು ಇಳಿಯಿತು ಎಂದು ಪಾಲು ಮಾಡಿ ಹೇಳಲು ಈ ಪುಸ್ತಕಗಳಿಂದ ಆಗುವುದಿಲ್ಲ. ನನ್ನ ಮಟ್ಟಿಗೆ, 3 ಅಡಿಗೆ 4 ಅಡಿ ಜಾಗದಿಂದ ಹೆರಿಗೆಯನ್ನು ಆಸ್ಪತ್ರೆ ಮಂಚಕ್ಕೆ ತಂದದ್ದು ದೊಡ್ಡ ಕೆಲಸ.

ಕೋಣೆಯ ವಿಷಯಕ್ಕೆ ಏನಾಯಿತು? 1896ರಲ್ಲಿ ಪ್ಲೇಗ್ ಬಂದ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತ್ತು. ಕೊಳಕು ಕೇರಿ ಕೆಡವುವುದು ಅದರ ಕೆಲಸ. ಕೆಡವಿದಷ್ಟು ಬೇಗ ಕಟ್ಟಲಿಲ್ಲ. ಮನೆ ಕಳಕೊಂಡವರು ಪಕ್ಕದ ಚಾಳಿಗೆ ನುಗ್ಗಿದರು, ಅಲ್ಲಿ ಇಕ್ಕಟ್ಟು ಇನ್ನೂ ಹೆಚ್ಚಿತು. 1920ರ ದಶಕದಲ್ಲಿ ಸರ್ಕಾರದ ಅಭಿವೃದ್ಧಿ ಇಲಾಖೆ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ಬಿಡಿಡಿ) ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವ್ಡಿಯಲ್ಲಿ ಕಾಂಕ್ರೀಟಿನ ದೊಡ್ಡ ಚಾಳು ಎಬ್ಬಿಸಿತು. ಈಗಲೂ ಬಿಡಿಡಿ ಚಾಳು ಅಂತ ಕರೆಯುವುದು ಅವನ್ನೇ. 200ಕ್ಕೂ ಹೆಚ್ಚು ಕಟ್ಟಡ. ಬಾಡಿಗೆ ಕೈಗೆಟುಕದೆ ಶುರುವಿನಲ್ಲಿ ಎಷ್ಟೋ ಕೋಣೆ ಖಾಲಿ ಬಿದ್ದಿದ್ದವು.

ಅದೇ ಊರು, ಈಗ

ಇವತ್ತಿನ ಅಂಕಿಗಳ ಎದುರು 1921 ಬೇರೆ ಲೋಕ. 2020ರಲ್ಲಿ ಭಾರತದ ಶಿಶು ಮರಣ ದರ 28, ಮಹಾರಾಷ್ಟ್ರದ್ದು 16, ಕರ್ನಾಟಕದ್ದು 19. ಲಸಿಕೆ, ಆಸ್ಪತ್ರೆ ಹೆರಿಗೆ, ಓಆರ್‌ಎಸ್, ನವಜಾತ ಶಿಶುಗಳ ಐಸಿಯು, ಇವೆಲ್ಲ ಬಂದವು. ಈಗ ಉಳಿದಿರುವ ಸಾವುಗಳಲ್ಲಿ ಬಹುಪಾಲು ಮೊದಲ ತಿಂಗಳಿನವು. ದಿನ ತುಂಬದ, ತೂಕ ಇಲ್ಲದ ಮಕ್ಕಳದ್ದು.

ಆದರೆ ನಗರದ ಪುಸ್ತಕ ಓದುವಾಗ ಹಳೆಯ ಎರಡು ಮಾತು ಈಗಲೂ ನೆನಪಿರಬೇಕು. 1969ರ ಕಾಯಿದೆಯಂತೆ ಜನನ, ಮರಣ ಎರಡೂ ನಡೆದ ಜಾಗದಲ್ಲಿ ದಾಖಲಾಗುತ್ತವೆ. ಠಾಣೆ, ಭಿವಂಡಿ, ಪಾಲ್ಘರ್‌ನಲ್ಲಿ ಹುಟ್ಟಿದ ಕೂಸಿಗೆ ಸೀರಿಯಸ್ ಆದರೆ ಮುಂಬಯಿಗೆ ಕರೆತರುತ್ತಾರೆ. ಉಳಿಯದಿದ್ದರೆ ಸಾವು ಮುಂಬಯಿಯದ್ದು. ಕೋಲಾರದಿಂದಲೋ ತುಮಕೂರಿನಿಂದಲೋ ಬೆಂಗಳೂರಿನ ವಾಣಿವಿಲಾಸಕ್ಕೆ ಬರುವ ಮಗುವಿನ ಲೆಕ್ಕವೂ ಹೀಗೆಯೇ. ತಾಯಿಯ ವಿಳಾಸ ಹಿಡಿದು ಎಣಿಸದೆ ಊರಿನ ದರ ಗೊತ್ತಾಗುವುದಿಲ್ಲ.

ಎರಡನೆಯದು, ಸರಾಸರಿಯನ್ನು ಒಡೆದು ನೋಡುವುದು. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿ ಹಾಗೆ ವಾರ್ಡುವಾರು ನೋಡಿತು. ಗೋವಂಡಿ, ಮಾನ್‌ಖುರ್ದ್, ದೇವನಾರ್ ಕಸದ ಗುಡ್ಡ ಎಲ್ಲ ಸೇರಿದ ಎಂ ಈಸ್ಟ್ ವಾರ್ಡಿನಲ್ಲಿ ದರ ಸಾವಿರಕ್ಕೆ 66. ಊರಿನ ಒಟ್ಟು ದರಕ್ಕಿಂತ ಎಷ್ಟೋ ಮೇಲೆ.

ವರ್ಲಿಯ ಬಿಡಿಡಿ ಚಾಳುಗಳನ್ನು ಈಗ ಕೆಡವಿ ಗೋಪುರದಂಥ ಕಟ್ಟಡ ಎಬ್ಬಿಸುತ್ತಿದ್ದಾರೆ. ಹಳೆಯ ಬಾಡಿಗೆದಾರರಿಗೆ 500 ಚದರಡಿಯ ಫ್ಲ್ಯಾಟ್. ಅವರು ಬಿಟ್ಟು ಬರುತ್ತಿರುವ ಕೋಣೆ, 1920ರ ದಶಕದಲ್ಲಿ ಸರ್ಕಾರ ಪರಿಹಾರ ಅಂತ ಕಟ್ಟಿಸಿದ್ದು, 160 ಚದರಡಿ. ಬಾರ್ನ್ಸ್ ನೋಡಿದ ಕೋಣೆ 180.